ಮಾತು ಬಿಟ್ಟರೂ ಪಾಳಿ ಬಿಡದವರು

(ವಿಜಯಪುರ ಜಿಲ್ಲೆಯ ಮಸೂತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಇವತ್ತು ನಾನು ಮಾತಾಡಬೇಕೆಂದಿರುವುದು ವಸ್ತಿಯ ಬಾಳುವೆಯ ಬಗ್ಗೆ. ಊರು ಬಿಟ್ಟು ಹೊಲದಲ್ಲಿ ಮನೆ ಕಟ್ಟಿಕೊಂಡು, ನೀರು, ಬೆಳಕು, ದಾರಿ ಎಲ್ಲವನ್ನೂ ತಾವೇ ಹೊಂದಿಸಿಕೊಂಡು ಇರುವವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ತೋಟದ ವಸ್ತಿ, ಅಡವಿ ವಸ್ತಿ, ಮನೆತನದ ಅಡ್ಡಹೆಸರಿನ ವಸ್ತಿ ಎಂದು ನಾವು ಕರೆಯುವ ಈ ಒಂಟಿ ಮನೆಗಳು ಇಂಡಿ, ಚಡಚಣ, ತಿಕೋಟಾ ಸೀಮೆಯಲ್ಲಿ ಎಷ್ಟು ಬೆಳೆದಿವೆ ಎಂದರೆ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಫಲಕದ ಮೇಲೂ ವಸ್ತಿಯ ಹೆಸರೇ ಇರುತ್ತದೆ. ಆದರೂ ಊರಿನ ಬಗ್ಗೆ ಬರೆದಷ್ಟು ವಸ್ತಿಯ ಬಗ್ಗೆ ನಾವು ಬರೆದಿಲ್ಲ, ಯೋಚಿಸಿಲ್ಲ.

ನಾನು ಹೇಳಬೇಕಾದ ಮಾತು ಒಂದೇ. ವಸ್ತಿಯವನು ಯಾರ ಹಂಗೂ ಇಲ್ಲದೆ ಬದುಕುತ್ತಾನೆ ಎಂದು ದೂರದಿಂದ ನೋಡಿದವರಿಗೆ ಅನ್ನಿಸುತ್ತದೆ. ಹತ್ತಿರ ಹೋದರೆ ಅವನ ಬಾಳುವೆ ಊರಿನವನಿಗಿಂತ ಹೆಚ್ಚಾಗಿ ನೆರೆಯವರ ಮೇಲೆ ನಿಂತಿದೆ. ಆ ನೆರವು ಬರೀ ಒಳ್ಳೆಯ ಮನಸ್ಸಿನ ಮೇಲೆ ನಿಂತರೆ ಬಹಳ ದಿನ ಬಾಳುವುದಿಲ್ಲ. ಅದಕ್ಕೆ ಕಟ್ಟುಪಾಡು ಬೇಕು, ಲೆಕ್ಕ ಬೇಕು, ಪಾಳಿ ಬೇಕು.

ಮೊದಲು, ಜನ ಊರು ಬಿಟ್ಟು ಹೊಲಕ್ಕೆ ಯಾಕೆ ಹೋದರು ಎಂಬುದನ್ನು ನೋಡೋಣ. ನಮ್ಮದು ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಎರಿ ಭೂಮಿ. ಹಿಂದೆ ಹಿಂಗಾರಿ ಜೋಳವೇ ನಮ್ಮ ಬದುಕು. ಅಗಸಿಯ ಒಳಗೆ ಒತ್ತೊತ್ತಾಗಿ ಮನೆ, ಊರ ನಡುವೆ ಹುಡೆ, ಮುಂಜಾನೆ ಗಳೆ ಹೂಡಿಕೊಂಡು ಹೊಲಕ್ಕೆ ಹೋಗಿ ಹೊತ್ತು ಮುಳುಗುವುದರೊಳಗೆ ತಿರುಗಿ ಬರುವುದು. ಹೊಲದಲ್ಲಿ ರಾತ್ರಿ ಕಳೆಯುತ್ತಿದ್ದುದು ರಾಶಿಯ ಕಾಲಕ್ಕೆ ಮಾತ್ರ. ಕಳ್ಳರ ಭಯ ಒಂದು ಕಾರಣ, ಕುಡಿಯುವ ನೀರು ಊರಲ್ಲಿ ಮಾತ್ರ ಇದ್ದದ್ದು ಇನ್ನೊಂದು ಕಾರಣ. ಬಾವಿಗೆ ಎಂಜಿನ್ ಬಂತು, ಆಮೇಲೆ ಕರೆಂಟಿನ ಮೋಟಾರು, ಆಮೇಲೆ ಬೋರ್‌ವೆಲ್ಲು. ನೀರು ಬಂದ ಕಡೆ ಲಿಂಬಿ, ದ್ರಾಕ್ಷಿ, ಕಬ್ಬು ಬಂದವು. ಇಂಡಿ ಲಿಂಬೆಗೆ ಇವತ್ತು ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲೇ ಇದೆ. ಜೋಳ ಬಿತ್ತಿದವನು ಊರಲ್ಲಿ ಇರಬಹುದು. ಲಿಂಬಿ ಗಿಡ ಹಚ್ಚಿದವನು, ಎಮ್ಮಿ ಕಟ್ಟಿದವನು, ರಾತ್ರಿ ಪಾಳಿಯಲ್ಲಿ ನೀರು ಹಾಯಿಸುವವನು ಹೊಲದಲ್ಲೇ ಇರಬೇಕಾಗುತ್ತದೆ. ಹೀಗೆ ಕೆಲಸವೇ ಮನೆಯನ್ನು ಎಳೆದುಕೊಂಡು ಹೋಯಿತು.

ಹೋದವರಿಗೆ ಅಲ್ಲಿ ಸಿಕ್ಕ ಬೆಳಕು ಎಂಥದು? ಮಸೂತಿಯ ಸುತ್ತಲಿನ ಹೊಲಗಳಿಂದ ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅಲ್ಲಿ 800 ಮೆಗಾವಾಟಿನ ಮೂರು ಘಟಕ, ಒಟ್ಟು 2,400 ಮೆಗಾವಾಟು. ಆದರೆ ವಸ್ತಿಯ ಮನೆಗೆ ಕರೆಂಟು ಬರುವುದು ಪಂಪ್‌ಸೆಟ್ಟಿನ ಲೈನಿನಿಂದ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು ಬೇರೆ, ಪಂಪ್‌ಸೆಟ್ಟಿನ ಲೈನು ಬೇರೆ ಮಾಡಿದರು. ಊರಿಗೆ ಅದರಿಂದ ಬಹಳ ಒಳ್ಳೆಯದಾಯಿತು. ಹೊಲದಲ್ಲಿದ್ದ ಮನೆಗಳು ಪಂಪ್‌ಸೆಟ್ಟಿನ ಲೈನಿನಲ್ಲೇ ಉಳಿದವು. ಆ ಲೈನಿಗೆ ದಿನಕ್ಕೆ 7 ತಾಸು ತ್ರೀ ಫೇಸ್. ಉಳಿದ ಹೊತ್ತಿಗೆ ಸಿಂಗಲ್ ಫೇಸ್ ಬಂದರೆ ಬಂತು. ಹಾಗಾಗಿ ಒಂದು ಸೋಲಾರ್ ಪ್ಲೇಟು, ಒಂದು ಬ್ಯಾಟರಿ, ಎರಡು ದೀಪ ವಸ್ತಿಯ ಮನೆಗೆ ಈಗ ಬೀಸುಕಲ್ಲಿನಷ್ಟೇ ಅಗತ್ಯದ ಸಾಮಾನು.

ಇಷ್ಟೆಲ್ಲ ಒಬ್ಬಂಟಿಯಾಗಿ ಹೊಂದಿಸಿಕೊಂಡವರು ನೆರೆಯವರೊಂದಿಗೆ ಹೇಗಿದ್ದಾರೆ? ಅದನ್ನು ತಿಳಿಯಲು ಪಾಲಿನ ಬಾವಿಯ ಹತ್ತಿರ ಹೋಗಬೇಕು.

ಅಜ್ಜ ತೋಡಿಸಿದ ಬಾವಿ. ಮಕ್ಕಳು ಬೇರೆಯಾದರು, ಮೊಮ್ಮಕ್ಕಳು ಬೇರೆಯಾದರು. ಹೊಲಕ್ಕೆ ಬದು ಹಾಕಿ ಹಂಚಿದರು. ಬಾವಿಗೆ ಬದು ಹಾಕಲು ಬರುವುದಿಲ್ಲ, ಅದಕ್ಕೆ ಹೊತ್ತನ್ನು ಹಂಚಿದರು. ಹಿರಿಯವನಿಗೆ ಸೋಮವಾರ, ಮಂಗಳವಾರ. ನಡುವಿನವನಿಗೆ ಮುಂದಿನ ಎರಡು ದಿನ. ಹೀಗೆ ವಾರ ತುಂಬುತ್ತದೆ. ಗಡಿಯಾರ ಇಲ್ಲದ ಕಾಲಕ್ಕೆ ನೆರಳು ನೋಡಿ, ಬೆಳ್ಳಿ ಚುಕ್ಕಿ ನೋಡಿ ಪಾಳಿ ಬದಲಾಗುತ್ತಿತ್ತು. ಈಗ ಕರೆಂಟಿನ ತಾಸು ಎಣಿಸುತ್ತಾರೆ. ಕೆಲವು ಬಾವಿಗಳಲ್ಲಿ ಗಡಿಯಾರದ ಪಾಳಿ: ನಿನ್ನ ಹೊತ್ತಿನಲ್ಲಿ ಕರೆಂಟು ಹೋದರೆ ಅದು ನಿನ್ನ ನಷ್ಟ. ಕೆಲವು ಬಾವಿಗಳಲ್ಲಿ ಕರೆಂಟಿನ ಪಾಳಿ: ಕರೆಂಟು ಹೋದಷ್ಟು ಹೊತ್ತನ್ನು ಮುಂದೆ ಹಿಡಿದುಕೊಡುತ್ತಾರೆ. ಒಂದು ವಾರ ಹಗಲು, ಒಂದು ವಾರ ರಾತ್ರಿ ತ್ರೀ ಫೇಸ್ ಬರುವ ಕಡೆ, ಯಾವಾಗಲೂ ಒಬ್ಬನಿಗೇ ರಾತ್ರಿ ಬೀಳದಂತೆ ಪಾಳಿಯನ್ನು ತಿರುವಿ ಹಾಕುತ್ತಾರೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಮೊದಲು ದನಕ್ಕೆ, ಆಮೇಲೆ ಗಿಡಕ್ಕೆ, ಕಡೆಗೆ ಪೈರಿಗೆ. ಈ ನಿಯಮಗಳನ್ನು ಯಾವ ಇಲಾಖೆಯೂ ಮಾಡಿಕೊಟ್ಟಿಲ್ಲ. ಪಾಲುಗಾರರೇ ಬಾವಿಯ ದಂಡೆಯ ಮೇಲೆ ಕೂತು ಮಾಡಿಕೊಂಡಿದ್ದಾರೆ.

ಇನ್ನೊಂದು ಸಂಗತಿಯನ್ನು ನೀವೆಲ್ಲ ಕಂಡಿದ್ದೀರಿ. ಅಣ್ಣತಮ್ಮಂದಿರ ನಡುವೆ ಬದುವಿನ ಸಲುವಾಗಿ ಜಗಳ ಬಂದಿರುತ್ತದೆ. ಮದುವೆಗೆ ಕರೆಯುವುದಿಲ್ಲ, ಎದುರು ಬಂದರೆ ಮುಖ ತಿರುವುತ್ತಾರೆ. ಅಂಥವರ ಬಾವಿಯಲ್ಲೂ ನಡುರಾತ್ರಿ ಎರಡಕ್ಕೆ ಪಾಳಿ ಬದಲಾಗುತ್ತದೆ. ಪಾಳಿ ಮುಗಿದವನು ಕೂಗಿ ಕರೆಯುವುದಿಲ್ಲ. ಬ್ಯಾಟರಿಯ ಬೆಳಕನ್ನು ಒಂದು ಸಾರಿ ಆ ಮನೆಯ ಕಡೆ ಬಿಡುತ್ತಾನೆ. ಆ ಕಡೆಯಿಂದ ಕಂಬಳಿ ಹೊದ್ದುಕೊಂಡು, ಸಲಿಕೆ ಹಿಡಿದುಕೊಂಡು ಇನ್ನೊಬ್ಬ ಬರುತ್ತಾನೆ. ಇವನು ತನ್ನ ವಾಲ್ ಬಂದ್ ಮಾಡುತ್ತಾನೆ, ಅವನು ತನ್ನ ವಾಲ್ ತೆರೆಯುತ್ತಾನೆ. ಪೈಪಿನಲ್ಲಿ ನೀರು ಹೊರಳಿದ ಸದ್ದು ಕೇಳಿಸಿದ ಮೇಲೆ ಇವನು ಮನೆಗೆ ಹೋಗುತ್ತಾನೆ. ಇಬ್ಬರ ನಡುವೆ ಒಂದು ಮಾತೂ ಇಲ್ಲ. ಮಾತು ಬಿಟ್ಟಿದ್ದಾರೆ, ಪಾಳಿ ಬಿಟ್ಟಿಲ್ಲ. ನೆರೆಹೊರೆ ಎಂದರೆ ಇದು ಎಂದು ನಾನು ನಂಬಿದ್ದೇನೆ. ಪ್ರೀತಿ ಇದ್ದಾಗ ಕೊಡುವುದು ಸುಲಭ. ಪ್ರೀತಿ ಹರಿದ ಮೇಲೂ ಕೊಡುವಂತೆ ಮಾಡುವ ಕಟ್ಟುಪಾಡು ಇದ್ದಲ್ಲಿ ಮಾತ್ರ ವಸ್ತಿ ಉಳಿಯುತ್ತದೆ.

ಈ ಕಟ್ಟುಪಾಡು ಬಾವಿಯಲ್ಲಿ ಗಟ್ಟಿಯಾಗಿದೆ. ಟಿಸಿಯಲ್ಲಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರಿನಲ್ಲಿ, ಅಷ್ಟು ಗಟ್ಟಿಯಾಗಿಲ್ಲ. 25 ಕೆವಿಎ ಟಿಸಿಯೊಂದು 5 ಎಚ್‌ಪಿಯ ನಾಲ್ಕು ಮೋಟಾರುಗಳನ್ನು ತಡೆಯುತ್ತದೆ. ಅದಕ್ಕೆ ಏಳು ಮೋಟಾರು ಕೂಡಿಸಿದರೆ ಸುಡದೆ ಏನು ಮಾಡೀತು? ಮೋಟಾರು ಚಾಲೂ ಆಗುವ ಗಳಿಗೆಯಲ್ಲಿ ಎಂದಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲರ ಸ್ಟಾರ್ಟರಿಗೂ ಆಟೋ ಕೂಡಿಸಿದ್ದರೆ, ಕರೆಂಟು ಬಂದ ಕೂಡಲೆ ಎಲ್ಲ ಮೋಟಾರುಗಳೂ ಒಂದೇ ಏಟಿಗೆ ಏಳುತ್ತವೆ. ಟಿಸಿ ಸುಟ್ಟ ಮೇಲೆ ಜನ ಕೂಡುತ್ತಾರೆ, ಪಟ್ಟಿ ಹಾಕುತ್ತಾರೆ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುತ್ತಾರೆ. ಆ ಒಗ್ಗಟ್ಟು ದೊಡ್ಡದು. ಆದರೆ ಸುಡುವುದಕ್ಕೆ ಮೊದಲೇ ಕೂಡಿ, ಇಂಥವನ ಮೋಟಾರು ಮೊದಲು, ಐದು ನಿಮಿಷ ಬಿಟ್ಟು ಇಂಥವನದು ಎಂದು ಪಾಳಿ ಹಾಕಿಕೊಂಡರೆ, ಪ್ರತಿ ಮೋಟಾರಿಗೂ ಸರಿಯಾದ ಕೆಪಾಸಿಟರ್ ಹಾಕಿಸಿದರೆ, ಲೆಕ್ಕಕ್ಕಿಲ್ಲದ ಮೋಟಾರನ್ನು ಲೆಕ್ಕಕ್ಕೆ ತಂದು ದೊಡ್ಡ ಟಿಸಿ ಕೇಳಿದರೆ, ಆ ಖರ್ಚೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ. ಹಳ್ಳಿಯ ಕಡೆ ಸುಟ್ಟ ಟಿಸಿಯನ್ನು 72 ತಾಸಿನೊಳಗೆ ಬದಲಿಸಿಕೊಡಬೇಕೆಂಬ ನಿಯಮವೂ ಇದೆ. ಅದನ್ನು ಕೇಳಿ ಪಡೆಯುವುದಕ್ಕೂ ಎಲ್ಲರ ಸಹಿಯುಳ್ಳ ಅರ್ಜಿಗೆ ಇರುವ ಬಲ ಒಬ್ಬನ ದನಿಗೆ ಇಲ್ಲ.

ಇನ್ನು ದಾರಿ. ಎರಿ ಭೂಮಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮಳೆ ಬಿದ್ದರೆ ಬೈಕಿನ ಗಾಲಿಗೆ ಮಣ್ಣು ಮೆತ್ತಿ ತಿರುಗುವುದಿಲ್ಲ, ಟ್ರ್ಯಾಕ್ಟರೇ ಹೂತು ನಿಲ್ಲುತ್ತದೆ. ಗರಸು ಹಾಕಿದ ದಾರಿ ಇಲ್ಲದಿದ್ದರೆ ಮಳೆಗಾಲದಲ್ಲಿ ವಸ್ತಿ ನಡುಗಡ್ಡೆಯಾಗುತ್ತದೆ. ಆ ದಾರಿ ಇನ್ನೊಬ್ಬರ ಹೊಲದಲ್ಲಿ ಹಾಯ್ದು ಬರಬೇಕು. ಕಾನೂನು ಇದೆ. 1882ರ ವಹಿವಾಟು ಹಕ್ಕಿನ ಕಾಯ್ದೆಯ ಪ್ರಕಾರ 20 ವರ್ಷ ತಡೆಯಿಲ್ಲದೆ, ತನ್ನ ಹಕ್ಕೆಂದು ತಿರುಗಾಡಿದ ದಾರಿಯ ಮೇಲೆ ಹಕ್ಕು ಬರುತ್ತದೆ. ಆದರೆ ಕೋರ್ಟಿನಲ್ಲಿ ಗೆದ್ದ ದಾರಿಯ ಮೇಲೆ ಮಳೆಗಾಲದಲ್ಲಿ ಯಾರೂ ಗರಸು ಹಾಕಿಕೊಡುವುದಿಲ್ಲ. ದಾರಿ ಕೊಟ್ಟವನ ಹೊಲಕ್ಕೂ ಅದರಿಂದ ಅನುಕೂಲವಾಗಬೇಕು, ಅವನ ಕಬ್ಬಿನ ಗಾಡಿಯೂ ಅದರ ಮೇಲೆ ಹೋಗಬೇಕು, ಅವನ ಬದು ಕಿತ್ತರೆ ದಾರಿಯವರೆಲ್ಲ ಕೂಡಿ ಕಟ್ಟಿಕೊಡಬೇಕು. ಹಾಗೆ ಮಾಡಿಕೊಂಡ ದಾರಿಗೆ ಸರ್ಕಾರದ ಯೋಜನೆಯ ಹಣ ಬಂದರೆ ಅದು ನಿಲ್ಲುತ್ತದೆ.

ದಾರಿಯ ಬೆಲೆ ಗೊತ್ತಾಗುವುದು ಹಾವು ಕಡಿದ ರಾತ್ರಿ. ಕಟ್ಟು ಹಾವು ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಡಿಯುತ್ತದೆ. ಎಷ್ಟೋ ಸಲ ಕಡಿದ ಗುರುತೂ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಹಗ್ಗ ಬಿಗಿದು, ಕೊಯ್ದು, ಮಂತ್ರ ಹಾಕಿಸಿ ಹೊತ್ತು ಕಳೆಯಬಾರದು. ಕಡಿದ ಕೈಕಾಲನ್ನು ಅಲುಗಿಸದೆ, ಮಲಗಿಸಿಕೊಂಡು, ಔಷಧಿ ಇರುವ ಆಸ್ಪತ್ರೆಗೆ ಒಯ್ಯಬೇಕು. ಹಾವಿನ ಕಡಿತ ದಾಖಲಿಸಲೇಬೇಕಾದ ಪ್ರಕರಣ ಎಂದು ಕರ್ನಾಟಕ ಸರ್ಕಾರ 2024ರಲ್ಲಿ ಸಾರಿದೆ. 2008ರಿಂದ 108 ಗಾಡಿ ಇದೆ. ಆದರೆ ಆ ಗಾಡಿಗೆ ವಸ್ತಿಯ ವಿಳಾಸ ಏನೆಂದು ಹೇಳುವುದು? ಓಣಿಯಿಲ್ಲ, ಮನೆ ನಂಬರಿಲ್ಲ. ಹಾಗಾಗಿ ಯಾರ ಮನೆಯಲ್ಲಿ ಗಾಡಿ ಇದೆ, ಯಾರು ಡಾಂಬರು ರಸ್ತೆಯವರೆಗೆ ಬಂದು ಬೆಳಕು ಹಿಡಿದು ನಿಲ್ಲಬೇಕು, ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆ ಎಂಬುದು ಸುತ್ತಲಿನ ಹತ್ತು ವಸ್ತಿಗಳಿಗೆ ಮೊದಲೇ ಗೊತ್ತಿರಬೇಕು. ಇದು ದೊಡ್ಡ ಯೋಜನೆಯೇನೂ ಬೇಡುವುದಿಲ್ಲ. ಒಂದು ಸಂಜೆ ಕೂತು ಮಾತಾಡಿದರೆ ಒಂದು ಜೀವ ಉಳಿಯುತ್ತದೆ.

ಈಗ ತಾಯಂದಿರ ಮಾತು. ವಸ್ತಿಯ ಲಾಭವನ್ನು ಹೆಚ್ಚಾಗಿ ಗಂಡಸರು ಎಣಿಸುತ್ತಾರೆ, ಅದರ ಬೆಲೆಯನ್ನು ಹೆಚ್ಚಾಗಿ ಹೆಂಗಸರು ತೆರುತ್ತಾರೆ. ಊರಲ್ಲಿ ಹೆಣ್ಣುಮಗಳಿಗೆ ನಲ್ಲಿಯ ಹತ್ತಿರ ಮಾತು ಇತ್ತು, ಕಟ್ಟೆಯ ಮೇಲೆ ಮಾತು ಇತ್ತು. ಪಂಚಮಿಗೆ ಜೋಕಾಲಿ ಇತ್ತು. ಬಾಣಂತಿಗೆ ನೀರು ಹಾಕಲು ಪಕ್ಕದ ಮನೆಯ ಅಮ್ಮ ಇದ್ದಳು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೂಡಿಹಾಕಿದ ಹಾಡುಗಳು 1931ರಲ್ಲಿ 'ಗರತಿಯ ಹಾಡು' ಎಂಬ ಹೊತ್ತಿಗೆಯಾಗಿ ಬಂದವು. ಆ ಹಾಡುಗಳು ಹುಟ್ಟಿದ್ದು ಬೀಸುಕಲ್ಲಿನ ಎರಡು ಬದಿಗೆ ಇಬ್ಬರು ಕೂತಾಗ, ಕೂಡಿ ಕೆಲಸ ಮಾಡಿದಾಗ. ವಸ್ತಿಯಲ್ಲಿ ಒಬ್ಬಳೇ ರೊಟ್ಟಿ ಬಡಿದು, ಒಬ್ಬಳೇ ಸೆಗಣಿ ಬಳಿದು, ಒಬ್ಬಳೇ ಸಂಜೆ ಕಳೆಯುವ ಸೊಸೆಗೆ ಆ ಜೊತೆ ಎಲ್ಲಿದೆ? ಟಿವಿ, ಮೊಬೈಲು ಆ ಜಾಗ ತುಂಬುವುದಿಲ್ಲ. ಸ್ವಸಹಾಯ ಸಂಘದ ವಾರದ ಸಭೆ ಉಳಿತಾಯಕ್ಕೆ ಎಷ್ಟು ಮುಖ್ಯವೋ, ಮನೆಯಿಂದ ಹೊರಗೆ ಬಂದು ಹತ್ತು ಜನರ ಜೊತೆ ಕೂಡುವುದಕ್ಕೂ ಅಷ್ಟೇ ಮುಖ್ಯ. ಆ ದಿನ ಸೊಸೆಯನ್ನು ಕಳಿಸಿಕೊಡುವುದು ಉಪಕಾರವಲ್ಲ, ಅವಳ ಪಾಳಿ.

ಮಕ್ಕಳ ಮಾತೂ ಹಾಗೆಯೇ. ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮ ಹೇಳುತ್ತದೆ. ಅದರ ಮುಂದಿನ ಶಾಲೆ ದೂರ. ಐದನೆಯ ಇಯತ್ತೆ ಮುಗಿದ ಮೇಲೆ ವಸ್ತಿಯ ಹುಡುಗಿ ಶಾಲೆ ಬಿಡುವುದಕ್ಕೆ ಎಷ್ಟೋ ಸಲ ಒಂಟಿ ದಾರಿಯೇ ಕಾರಣ. ನಾಲ್ಕು ವಸ್ತಿಯ ಮಕ್ಕಳು ಕೂಡಿ ಹೊರಟರೆ, ದಿನಕ್ಕೊಂದು ಮನೆಯ ದೊಡ್ಡವರು ರಸ್ತೆಯವರೆಗೆ ಬಿಟ್ಟು ಬಂದರೆ, ಆ ಹುಡುಗಿ ಹತ್ತನೆಯ ಇಯತ್ತೆ ಮುಗಿಸುತ್ತಾಳೆ.

ಇಲ್ಲಿ ಒಂದು ಕಠಿಣ ಮಾತು ಹೇಳಲೇಬೇಕು. ಹಳೆಯ ಊರಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಆಗುತ್ತಿದ್ದರು, ಈಗ ಕಾಲ ಕೆಟ್ಟಿದೆ ಎನ್ನುವುದು ಅರ್ಧ ನಿಜ. ಮುಯ್ಯಾಳು ಇತ್ತು: ಇವತ್ತು ನಿನ್ನ ಹೊಲದ ಜೋಳ ಕಿತ್ತರೆ ನಾಳೆ ನನ್ನ ಹೊಲದ್ದು, ದಿನಕ್ಕೆ ದಿನ, ರೊಕ್ಕದ ಮಾತಿಲ್ಲ. ಹಂತಿ ಹೂಡಿದ ರಾತ್ರಿ ಕಣದ ತುಂಬ ಜನ, ಹಾಡು. ಇದೆಲ್ಲ ನಿಜ. ಆದರೆ ಅದೇ ಊರಿನ ಬಾವಿಗೆ ಕೊಡ ಇಳಿಸಲು ಎಲ್ಲರಿಗೂ ಹಕ್ಕಿರಲಿಲ್ಲ. ಕಣದ ಬದಿಯಲ್ಲಿ ಆಯಕ್ಕಾಗಿ ಕಾದು ನಿಂತವನಿಗೆ ಎಷ್ಟು ಕೊಡಬೇಕೆಂದು ಕಣದ ಒಡೆಯನ ಕೈ ನಿರ್ಧರಿಸುತ್ತಿತ್ತು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯವರಾದ ನಾವು ಇದನ್ನು ಮರೆಮಾಡಬಾರದು. ವಸ್ತಿಯಲ್ಲೂ ಅದು ಬೇರೆ ರೂಪದಲ್ಲಿ ಇದೆ. ಎಷ್ಟೋ ತೋಟಗಳಲ್ಲಿ ಒಡೆಯರು ಊರಲ್ಲಿ ಇರುತ್ತಾರೆ, ವಸ್ತಿಯಲ್ಲಿ ಇರುವುದು ವರ್ಷಕ್ಕೆ ಮಾತಾಡಿಕೊಂಡು ದುಡಿಯುವ ಗಂಡಹೆಂಡತಿ. ಅವರು ಎಲ್ಲಿಂದಲೋ ಬಂದವರು, ಪಡಿತರ ಚೀಟಿ ಇನ್ನೊಂದು ಊರಿನದು. ಅವರ ಮಗು ಶಾಲೆಯ ಯಾದಿಯಲ್ಲಿ ಇರುವುದಿಲ್ಲ. ಹತ್ತು ವಸ್ತಿಗಳ ಕೂಟದಲ್ಲಿ ಉತಾರದಲ್ಲಿ ಹೆಸರಿದ್ದವರಿಗೆ ಮಾತ್ರ ಜಾಗ ಇದ್ದರೆ ಅದು ಮಾಲಕರ ಸಂಘವಾದೀತು, ನೆರೆಹೊರೆಯಾಗದು. ರಾತ್ರಿ ಹಾವು ಕಡಿಯುವುದು ಅಲ್ಲಿ ಮಲಗಿದವರಿಗೆ.

ದಾಖಲೆಗೆ ಬರುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಗಳ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ದಾಖಲೆಯಲ್ಲಿಲ್ಲದ ಜನವಸತಿ ದಾಖಲೆಗೆ ಬಂದರೆ ದಾರಿ, ನೀರು, ಬೆಳಕು ಕೇಳುವ ಬಾಯಿ ಬರುತ್ತದೆ. ವಸ್ತಿಗಳೂ ಹಾಗೆ ಲೆಕ್ಕಕ್ಕೆ ಬರಬೇಕು.

ಕಟ್ಟುಪಾಡು ಎಂದರೆ ಬರೀ ನಿರ್ಬಂಧ ಎಂದು ತಿಳಿಯಬಾರದು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನೆರೆಯವನಿಗೆ ಕೈಗಡ ಕೊಡುವುದು ಅದಕ್ಕೂ ಮೊದಲು ಇತ್ತು. ಅವರು ಮಾಡಿದ್ದು ಆ ಕೈಗಡಕ್ಕೆ ವಹಿ ಹಚ್ಚಿದ್ದು, ಎಲ್ಲರ ಕಣ್ಣಿಗೆ ಕಾಣುವ ಲೆಕ್ಕ ಇಟ್ಟದ್ದು. ಹೊಲದ ಒಂಟಿ ಮನೆಗಳ ಕಥೆ ಅಮೆರಿಕದಲ್ಲೂ ಇದೆ. ಅಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆಯಿಂದ ಒಂದೊಂದು ಕುಟುಂಬಕ್ಕೆ 160 ಎಕರೆಯವರೆಗೆ ಕೊಟ್ಟು, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಬೇಕೆಂದರು. ಆ ನೆಲ ಅಲ್ಲಿನ ಮೂಲನಿವಾಸಿಗಳಿಂದ ಕಸಿದದ್ದು ಎಂಬುದನ್ನೂ ನೆನಪಿಡಬೇಕು. ಆ ಬಯಲಿನ ಒಂಟಿ ಮನೆಗಳಿಗೆ ಕರೆಂಟಿನ ಕಂಪನಿಗಳು ತಂತಿ ಎಳೆಯಲಿಲ್ಲ. 1930ರ ದಶಕದಲ್ಲಿ ಸರ್ಕಾರದ ಸಾಲ ಪಡೆದು ರೈತರೇ ಸಹಕಾರ ಸಂಘ ಕಟ್ಟಿ ತಂತಿ ಎಳೆದುಕೊಂಡರು. ಅದೇ ಮಾದರಿಯ ಸಂಘ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿತು. ಕರ್ನಾಟಕದಲ್ಲಿ ಕರೆಂಟು ಹಂಚುವ ಗ್ರಾಮೀಣ ಸಹಕಾರ ಸಂಘ ಅದೊಂದೇ. ದೂರದ ಮನೆಗೆ ಬೆಳಕು ತರುವ ಕೆಲಸವನ್ನು ನೆರೆಯವರು ಕೂಡಿ ಮಾಡಬಹುದು ಎಂಬುದಕ್ಕೆ ದೂರ ಹೋಗಿ ಸಾಕ್ಷಿ ಹುಡುಕಬೇಕಾಗಿಲ್ಲ.

ದತ್ತಿಯ ಹಣದಲ್ಲಿ ಮೂಲಧನ ಮುಟ್ಟದೆ ಬಡ್ಡಿಯಿಂದ ಕೆಲಸ ನಡೆಸುತ್ತಾರಲ್ಲ, ನೆರೆಹೊರೆಯ ನಂಬಿಕೆಯೂ ಹಾಗೆ ಕಾಯಬೇಕಾದ ಮೂಲಧನ. ಟಿಸಿಗೆ ಕದ್ದು ಮೋಟಾರು ಕೂಡಿಸಿದವನು, ಪಾಳಿ ಮೀರಿ ವಾಲ್ ತೆರೆದಿಟ್ಟವನು, ಕೊಟ್ಟ ದಾರಿಗೆ ಮುಳ್ಳು ಬಡಿದವನು ಅದನ್ನೇ ತಿಂದುಹಾಕುತ್ತಾನೆ.

ಮಸೂತಿಗೆ ಈ ಮಾತು ಈಗ ಹೆಚ್ಚು ಅಗತ್ಯ. ಆಲಮಟ್ಟಿಯ ಹಿನ್ನೀರಿನಿಂದ ಕೃಷ್ಣೆಯ ನೀರನ್ನು ಮೇಲೆತ್ತುವ ಮುಳವಾಡ ಏತ ನೀರಾವರಿಯ ಒಂದು ಜಾಕ್‌ವೆಲ್ ನಿಮ್ಮ ಊರಿನಲ್ಲೇ ಇದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನ ಸಲುವಾಗಿ ಎಷ್ಟೋ ಊರುಗಳು ಮುಳುಗಿದವು, ಹಳೆಯ ಕೊಲ್ಹಾರವೂ ಮುಳುಗಿತು. ಅಷ್ಟು ಜನರ ಮನೆಮಾರಿನ ಬೆಲೆ ತೆತ್ತು ಬಂದ ನೀರು ಇದು. ಕಾಲುವೆ ಬಂದ ಹೊಲದಲ್ಲಿ ನಾಳೆ ಮನೆ ಏಳುತ್ತದೆ, ವಸ್ತಿ ಹೆಚ್ಚುತ್ತದೆ. ಕಾಲುವೆಯ ತಲೆಯಲ್ಲಿದ್ದವನು ಕಬ್ಬಿಗೆ ನೀರು ನಿಲ್ಲಿಸಿದರೆ ಬಾಲದವನ ಜೋಳಕ್ಕೂ ನೀರು ಮುಟ್ಟುವುದಿಲ್ಲ, ತಲೆಯವನ ಎರಿಯೂ ಸವುಳಾಗುತ್ತದೆ. ಸೋಲಾರ್ ಪಂಪು ಬಂದು ತಂತಿಯ ಹಂಗು ತಪ್ಪಿದರೂ ನೆಲದ ಕೆಳಗಿನ ನೀರು ಎಲ್ಲರಿಗೂ ಒಂದೇ. ನಾಲ್ಕು ಪಾಲುಗಾರರ ಬಾವಿಯಲ್ಲಿ ಮೂರು ತಲೆಮಾರು ನಡೆಸಿದ ಪಾಳಿಯನ್ನು ನಾನೂರು ಜನರ ಕಾಲುವೆಗೆ ಒಯ್ಯುವುದೇ ಈ ಸೀಮೆಯ ಮುಂದಿನ ಕೆಲಸ. ನೀರು ಬಳಕೆದಾರರ ಸಹಕಾರ ಸಂಘ ಎಂಬ ಚೌಕಟ್ಟು ಅದಕ್ಕಾಗಿಯೇ ಇದೆ. ಅದಕ್ಕೆ ಜೀವ ತುಂಬಬೇಕಾದವರು ಪಾಳಿ ಬಲ್ಲ ನೀವು.

ಎಳ್ಳ ಅಮಾವಾಸಿಗೆ ಚರಗ ಚೆಲ್ಲಲು ಬಂದವರನ್ನು ಹೊಲದಲ್ಲಿ ಕೂಡಿಸಿ ಉಣ್ಣಿಸುತ್ತೀರಿ. ಸಜ್ಜಿ ಕಡಬು, ಶೇಂಗಾದ ಹೋಳಿಗಿ, ಎಣ್ಣಿಗಾಯಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಬರುತ್ತದೆ. ಈ ವರ್ಷ ಊಟವಾದ ಮೇಲೆ ಒಂದು ತಾಸು ಎಲ್ಲರೂ ಅಲ್ಲೇ ಕೂಡಿರಿ. ತೋಟದಲ್ಲಿ ದುಡಿಯುವವರನ್ನೂ, ಹೆಣ್ಣುಮಕ್ಕಳನ್ನೂ ಕೂಡಿಸಿಕೊಳ್ಳಿರಿ. ಒಂದು ವಹಿ ತೆರೆದು ನಾಲ್ಕು ಸಂಗತಿ ಬರೆಯಿರಿ: ಟಿಸಿಯ ಮೇಲೆ ಎಷ್ಟು ಮೋಟಾರು, ಯಾರದು ಯಾವಾಗ ಚಾಲೂ; ಮಳೆಗಾಲಕ್ಕೆ ಮೊದಲು ಯಾವ ದಾರಿಗೆ ಗರಸು, ಯಾರ ಟ್ರ್ಯಾಕ್ಟರು; ರಾತ್ರಿ ಆಪತ್ತು ಬಂದರೆ ಯಾರ ಗಾಡಿ, ಯಾವ ಆಸ್ಪತ್ರೆ; ಯಾವ ಮಗು ಶಾಲೆಗೆ ಹೋಗುತ್ತಿಲ್ಲ, ಯಾಕೆ. ಕೆಳಗೆ ಎಲ್ಲರೂ ಸಹಿ ಹಾಕಿರಿ. ಮಾತು ಬಿಟ್ಟವರೂ ಹಾಕಿರಿ. ಪಾಳಿ ನಡೆಸಲು ಮಾತು ಕೂಡಲೇಬೇಕೆಂದಿಲ್ಲ. ಮುಂದಿನ ವರ್ಷದ ಅಮಾವಾಸಿಗೆ ಆ ವಹಿ ತೆಗೆದು, ಬರೆದದ್ದರಲ್ಲಿ ಎಷ್ಟು ನಡೆಯಿತೆಂದು ಎಲ್ಲರೆದುರು ಓದಿರಿ.